ಭಾನುವಾರದ ಸಂತೆ, 9ರ ಬಸ್ಸು ಮತ್ತು ಕ್ಲಿನಿಕ್‌ನ ಸರತಿ: ತಂತ್ರಾಂಶದಿಂದ ಏನಾದೀತು?

ಗೋಣಿಕೊಪ್ಪ ವೈದ್ಯ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪದಲ್ಲಿ ನಾನೊಬ್ಬನೇ ವೈದ್ಯನಾಗಿ ನಡೆಸುತ್ತಿರುವ ಸಣ್ಣ ಕ್ಲಿನಿಕ್ ಇದೆ. ಕೌಂಟರಿನಲ್ಲಿ ಒಬ್ಬರು, ಡ್ರೆಸ್ಸಿಂಗ್ ಮತ್ತು ಇಂಜೆಕ್ಷನ್ನಿಗೆ ಒಬ್ಬ ನರ್ಸ್, ಇಷ್ಟೇ ಸಿಬ್ಬಂದಿ. ವಾರದ ಉಳಿದ ದಿನಗಳು ಹೇಗೋ ಕಳೆಯುತ್ತವೆ. ಭಾನುವಾರ ಸಂತೆಯ ದಿನ ಮಾತ್ರ ಬಾಗಿಲು ತೆಗೆಯುವ ಮೊದಲೇ ಜಗಲಿ ತುಂಬಿರುತ್ತದೆ. ಬಿರುನಾಣಿ, ಕುಟ್ಟ, ತಿತಿಮತಿ ಕಡೆಯಿಂದ ಬಂದವರು ಮಧ್ಯಾಹ್ನದ ಬಸ್ಸು ತಪ್ಪುತ್ತದೆಂದು ಗಡಿಬಿಡಿ ಮಾಡುತ್ತಾರೆ, ಅವರಲ್ಲಿ ಕೆಲವರು ತೋರಿಸಿಕೊಳ್ಳದೆಯೇ ಎದ್ದು ಹೋಗುತ್ತಾರೆ. ಹಾಗೆ ಹೋದವರು ಮುಂದಿನ ವಾರ ಇನ್ನಷ್ಟು ಕಾಯಿಲೆ ಮಾಡಿಕೊಂಡು ಬರುವುದನ್ನು ಕಂಡಾಗ ನನಗೆ ನಿದ್ದೆ ಬರುವುದಿಲ್ಲ.

ಮೊನ್ನೆ ಒಂದು ಕಂಪನಿಯವರು ಬಂದು ಟೋಕನ್ ತಂತ್ರಾಂಶವೊಂದನ್ನು ತೋರಿಸಿದರು. ಮೊಬೈಲಿನಲ್ಲಿ ಮುಂಗಡ ಸಮಯ ಕಾಯ್ದಿರಿಸಬಹುದು, ಗೋಡೆಯ ಮೇಲಿನ ಪರದೆಯಲ್ಲಿ ಸಂಖ್ಯೆ ಮೂಡುತ್ತದೆ, ಕಾಯುವ ಸಮಯ ಅರ್ಧಕ್ಕರ್ಧ ಇಳಿಯುತ್ತದೆ ಎಂದರು. ಯಾವ ಲೆಕ್ಕದ ಮೇಲೆ ಇಳಿಯುತ್ತದೆ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಇಂಥದ್ದನ್ನು ಬಳಸಿದವರು, ಬರೆದವರು ಅಥವಾ ಬಳಸಿ ಕೈಬಿಟ್ಟವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ತಿಳಿಸಬೇಕು.

ಕೌಂಟರ್ ಅಕ್ಕ

ಡಾಕ್ಟರರೇ, ನಾನು ವಿರಾಜಪೇಟೆಯಲ್ಲಿ ಹನ್ನೊಂದು ವರ್ಷ ಕ್ಲಿನಿಕ್ ಕೌಂಟರಿನಲ್ಲಿ ಕುಳಿತವಳು. ನಮ್ಮಲ್ಲಿ ಸಂತೆ ಬುಧವಾರ, ಅಷ್ಟೇ ವ್ಯತ್ಯಾಸ. ತಂತ್ರಾಂಶ ತರುವ ಮೊದಲು ನಿಮ್ಮ ಸರತಿ ಎಷ್ಟು ಬಗೆಯದು ಎಂದು ನೋಡಿಕೊಳ್ಳಿ ಎನ್ನುವುದು ನನ್ನ ಸಲಹೆ. ಹೊರಗಿನಿಂದ ನೋಡುವವರಿಗೆ ಅದು ಒಂದೇ ಸಾಲು, ಕೌಂಟರಿನಿಂದ ನೋಡಿದರೆ ಕನಿಷ್ಠ ನಾಲ್ಕು. ಹೊಸದಾಗಿ ತೋರಿಸಲು ಬಂದವರು ಒಂದು, ಹೋದ ವಾರದ ಔಷಧಿ ಮುಗಿದು ಮತ್ತೆ ಬಂದವರು ಇನ್ನೊಂದು. ರಕ್ತ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಹಿಡಿದು 'ಒಂದೇ ನಿಮಿಷ, ತೋರಿಸಿ ಹೋಗಿಬಿಡುತ್ತೇನೆ' ಎನ್ನುವವರು ಮೂರನೆಯವರು. ನಾಲ್ಕನೆಯವರು ಡ್ರೆಸ್ಸಿಂಗ್‌ಗೆ ಬಂದವರು. ಅವರಿಗೆ ಡಾಕ್ಟರರೇ ಬೇಕಾಗಿಲ್ಲ, ಆದರೂ ಅದೇ ಬೆಂಚಿನಲ್ಲಿ ಒಂದು ಗಂಟೆ ಕೂರುತ್ತಾರೆ.

ಆ 'ಒಂದೇ ನಿಮಿಷ' ಎಂದೂ ಒಂದು ನಿಮಿಷವಲ್ಲ. ಅಂಥವರು ಎಂಟು ಜನ ಬಾಗಿಲಿನ ಪಕ್ಕದಿಂದ ನುಗ್ಗಿದರೆ ಟೋಕನ್ ಹಿಡಿದು ಕೂತವರಿಗೆ ಅರ್ಧ ಗಂಟೆ ಹೋಯಿತು, ಮತ್ತು ಆ ಅರ್ಧ ಗಂಟೆ ಯಾವ ತಂತ್ರಾಂಶದಲ್ಲೂ ದಾಖಲಾಗಲಿಲ್ಲ. ನಮ್ಮಲ್ಲಿ ಹಾಕಿದ್ದ ಟೋಕನ್ ಯಂತ್ರ ಸೋತದ್ದು ಇದರಿಂದಲೇ. ಪರದೆಯ ಮೇಲೆ 19 ಎಂದು ಇಪ್ಪತ್ತು ನಿಮಿಷ ನಿಂತಿರುತ್ತಿತ್ತು, ಒಳಗೆ ಹೋಗಿ ಬರುವವರು ಮಾತ್ರ ನಿಲ್ಲುತ್ತಿರಲಿಲ್ಲ. ಯಂತ್ರವಿಲ್ಲದ ಕಾಲದಲ್ಲಿ ಜನರ ಸಿಟ್ಟು ನನ್ನ ಮೇಲೆ ಮಾತ್ರ ಇತ್ತು, ಯಂತ್ರ ಬಂದ ಮೇಲೆ ಇಬ್ಬರ ಮೇಲೂ ಆಯಿತು.

ಗಣಿತ ಮೇಷ್ಟರು

ಅಕ್ಕನವರು ಹೇಳಿದ್ದಕ್ಕೆ ಗಣಿತದ ಆಧಾರವೂ ಇದೆ. ನಿವೃತ್ತಿಯ ನಂತರ ಹೇಳಲು ಅವಕಾಶ ಸಿಕ್ಕಿದೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಸರತಿಯ ಗಣಿತ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕೋಪನ್‌ಹೇಗನ್ನಿನ ಟೆಲಿಫೋನ್ ಕೇಂದ್ರದಲ್ಲಿ. ಕರೆಗಳಿಗೆ ಎಷ್ಟು ತಂತಿಗಳಿದ್ದರೆ ಸಾಕು ಎಂಬ ಪ್ರಶ್ನೆಯ ಬೆನ್ನು ಹತ್ತಿ ಎರ್ಲಾಂಗ್ ಎಂಬಾತ 1909ರಲ್ಲಿ ಮೊದಲ ಲೇಖನ ಪ್ರಕಟಿಸಿದ. ಅಲ್ಲಿಂದ ಬೆಳೆದ ಲೆಕ್ಕಗಳಲ್ಲಿ ನಮಗೆ ಬೇಕಾದುದು ಇಷ್ಟು. ಒಬ್ಬ ರೋಗಿಗೆ ಸರಾಸರಿ 6 ನಿಮಿಷ ಹಿಡಿಯುವ ವೈದ್ಯರು ಗಂಟೆಗೆ 10 ಜನರನ್ನು ನೋಡಬಲ್ಲರು. ಜನರು ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಬರುತ್ತಾರೆ, ಒಬ್ಬೊಬ್ಬರಿಗೆ ಹಿಡಿಯುವ ಸಮಯವೂ ಹಾಗೆಯೇ ಏರುಪೇರಾಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 8 ಜನ ಬರುತ್ತಿದ್ದರೆ ಸರಾಸರಿ ಕಾಯುವ ಸಮಯ 24 ನಿಮಿಷ. 9 ಜನ ಬಂದರೆ ಅದು 27 ಅಲ್ಲ, 54 ನಿಮಿಷ. ಗಂಟೆಗೆ ಸರಾಸರಿ ಒಂಬತ್ತೂವರೆ ಜನರಾದರೆ 114 ನಿಮಿಷ. ವೈದ್ಯರಿಗೆ ಒಂದಿಷ್ಟೂ ಬಿಡುವಿಲ್ಲದಂತೆ ಹೊಂದಿಸಿದಷ್ಟೂ ಹೊರಗಿನ ಸಾಲು ಹೀಗೆ ಒಮ್ಮೆಲೇ ಉಬ್ಬುತ್ತದೆ. ಕ್ಲಿನಿಕ್ ಹಗಲಿರುಳು ನಡೆಯುವ ಕೇಂದ್ರವಲ್ಲ, ನಾಲ್ಕೈದು ಗಂಟೆಗಳಲ್ಲಿ ಬಾಗಿಲು ಹಾಕುತ್ತದೆ. ಹಾಗಾಗಿ ಈ ಅಂಕಿಗಳು ಯಥಾವತ್ತಾಗಿ ಹೊಂದುವುದಿಲ್ಲ, ಆದರೆ ಏರುವ ರೀತಿ ಇದೇ.

ಈಗ ಬಸ್ಸಿನ ವಿಷಯ. 9 ಗಂಟೆಗೆ ಬಸ್ಸು ಒಮ್ಮೆಗೇ 15 ಜನರನ್ನು ಇಳಿಸಿತು, ವೈದ್ಯರು ಆಗಲೇ ಕುರ್ಚಿಯಲ್ಲಿದ್ದಾರೆ ಎಂದುಕೊಳ್ಳೋಣ. ಮೊದಲಿನವರು ಕಾಯುವುದಿಲ್ಲ, ಕೊನೆಯವರು 84 ನಿಮಿಷ ಕಾಯುತ್ತಾರೆ, ಸರಾಸರಿ 42. ವೈದ್ಯರು ಬಂದದ್ದು ಒಂಬತ್ತೂವರೆಗಾದರೆ ಹದಿನೈದು ಜನರಿಗೂ ತಲಾ 30 ನಿಮಿಷ ಸೇರಿ ಸರಾಸರಿ 72. ಇದರಲ್ಲಿ ತಂತ್ರಾಂಶ ಒಂದು ನಿಮಿಷವನ್ನೂ ಕಡಿಮೆ ಮಾಡಲಾರದು. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವುದೇ ಅತ್ಯಂತ ಅಗ್ಗದ ಸುಧಾರಣೆ ಎನ್ನುವುದನ್ನು ವೈದ್ಯಮಿತ್ರರು ತಪ್ಪು ತಿಳಿಯದೆ ಪರಿಶೀಲಿಸಬೇಕು.

ಕೋಡು ಬರೆಯುವ ಕುಶಾಲನಗರದವನು

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಡನೆ. ತಂತ್ರಾಂಶ ಆ 84 ನಿಮಿಷವನ್ನು ಕಡಿಮೆ ಮಾಡದಿರಬಹುದು, ಆದರೆ ಆ ಹೊತ್ತನ್ನು ಬೆಂಚಿನ ಮೇಲೆಯೇ ಕಳೆಯಬೇಕಾದ ಅಗತ್ಯವನ್ನು ತಪ್ಪಿಸಬಲ್ಲದು. ಸಂತೆಗೆಂದೇ ಬಂದವರು ಸಂತೆ ಮುಗಿಸಿ ಬರಲಿ. 'ನಿಮ್ಮ ಮುಂದೆ ಇನ್ನು ನಾಲ್ಕು ಜನರಿದ್ದಾರೆ, ಈಗ ಹೊರಡಿ' ಎಂಬ ಒಂದು ಮಾತು ಅವರಿಗೆ ತಲುಪಿದರೆ ಸಾಕು. ಕಾಯುವ ಸಮಯ ಮತ್ತು ಕಟ್ಟಿಹಾಕಿಸಿಕೊಂಡ ಸಮಯ ಬೇರೆ ಬೇರೆ ಎನ್ನುವುದನ್ನು ಮಾರಾಟಗಾರರು ಹೇಳುವುದಿಲ್ಲ.

ನಾನು ಮೈಸೂರಿನಲ್ಲಿ ಆಸ್ಪತ್ರೆಗಳ ತಂತ್ರಾಂಶದ ಕೆಲಸದಲ್ಲಿದ್ದೇನೆ. ನಾವು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಆರಂಭದಲ್ಲಿ ಪ್ರತಿ ಟೋಕನ್ನಿನ ಮೇಲೆ ಗಡಿಯಾರದ ಹೊತ್ತನ್ನು ಮುದ್ರಿಸುತ್ತಿದ್ದೆವು: 'ನಿಮ್ಮ ಸಮಯ 10.40'. ಹಿಂದಿನ ದಿನಗಳ ಸರಾಸರಿಯಿಂದ ತೆಗೆದ ಹೊತ್ತು ಅದು. ಒಬ್ಬ ಹಿರಿಯರ ತಪಾಸಣೆ 25 ನಿಮಿಷ ಹಿಡಿದರೆ ಅಂದಿನ ಎಲ್ಲ ಹೊತ್ತುಗಳೂ ಸುಳ್ಳಾಗುತ್ತಿದ್ದವು. ಮುದ್ರಿತ ಸುಳ್ಳನ್ನು ಜನ ಕ್ಷಮಿಸುವುದಿಲ್ಲ. ಆಮೇಲೆ ಹೊತ್ತನ್ನು ತೆಗೆದು, ಮುಂದಿರುವ ಜನರ ಸಂಖ್ಯೆಯನ್ನೂ 'ಸುಮಾರು 30ರಿಂದ 50 ನಿಮಿಷ' ಎಂಬಂಥ ಅಂದಾಜನ್ನೂ ತೋರಿಸಿದೆವು. ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿಯನ್ನು, ಹೊಸಬರಿಗೂ ಹಳಬರಿಗೂ ಬೇರೆ ಬೇರೆಯಾಗಿ ತೆಗೆದಾಗ ಅಂದಾಜು ಎಷ್ಟೋ ನೆಟ್ಟಗಾಯಿತು. ಒಬ್ಬರ 25 ನಿಮಿಷ ಸರಾಸರಿಯನ್ನು ಎಳೆದಾಡುವಷ್ಟು ಮಧ್ಯಾಂಕವನ್ನು ಎಳೆಯುವುದಿಲ್ಲ.

ತೋಟದ ರೈಟರ್

ನಾನು ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಕೂಲಿ, ಕೆಲಸದ ಲೆಕ್ಕ ಬರೆಯುವವನು. ಕಾರ್ಮಿಕರನ್ನು ಕ್ಲಿನಿಕ್ಕಿಗೆ ಕಳುಹಿಸುವ, ಕೆಲವೊಮ್ಮೆ ಜೀಪಿನಲ್ಲಿ ಕರೆದೊಯ್ಯುವ ಕೆಲಸವೂ ನನ್ನದೇ. ಇಲ್ಲಿ ಚರ್ಚಿಸುತ್ತಿರುವ ತಂತ್ರಾಂಶಗಳೆಲ್ಲ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಫೋನ್ ಇದೆ ಎಂದು ಭಾವಿಸಿಕೊಂಡಂತಿದೆ. ನಮ್ಮ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಒಂದು ಸಂಸಾರಕ್ಕೆ ಒಂದು ಫೋನ್ ಇದ್ದರೆ ಹೆಚ್ಚು. ಕ್ಲಿನಿಕ್ಕಿನಲ್ಲಿ ನಂಬರ್ ಕೇಳಿದರೆ ಅವರು ಕೊಡುವುದು ನನ್ನ ನಂಬರ್. ಒಂದು ಕಡೆ ಕಂಪ್ಯೂಟರಿನಲ್ಲಿ ನನ್ನ ನಂಬರಿನ ಮುಂದೆ ಹದಿನಾರು ಜನರಿದ್ದರು, ನನ್ನ ರಕ್ತದೊತ್ತಡದ ಮಾತ್ರೆಯನ್ನು ಯಾರದೋ ಬಾಣಂತಿಯ ಚೀಟಿಯಲ್ಲಿ ಬರೆದಿದ್ದನ್ನು ನಾನೇ ನೋಡಿ ಹೇಳಬೇಕಾಯಿತು. ನಕ್ಕು ಬಂದೆವು, ಆದರೆ ಅದು ನಗುವ ವಿಷಯವಾಗಿರಲಿಲ್ಲ.

ಭಾಷೆಯ ಮಾತೂ ಇದೆ. ಯರವರು, ಜೇನು ಕುರುಬರು, ಮಲಯಾಳ ಮಾತನಾಡುವವರು, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರು, ಹೀಗೆ ಒಂದೇ ತೋಟದಲ್ಲಿ ನಾಲ್ಕೈದು ಮಾತುಗಳಿವೆ. ಓದಲು ಬಾರದವರಿಗೆ ಅಂಕಿ ಗೊತ್ತು, ಏಕೆಂದರೆ ಕೂಲಿಯ ಲೆಕ್ಕ ಎಲ್ಲರಿಗೂ ಗೊತ್ತು. ಆದ್ದರಿಂದ ಟೋಕನ್ ಎಂದರೆ ದೊಡ್ಡ ಅಂಕಿ, ಒಂದು ಬಣ್ಣ, ಅಷ್ಟಿರಲಿ.

ಇನ್ನೊಂದು ಮಾತು ಊರಿನ ಹೊರಗಿನ ತಂತ್ರಜ್ಞರಿಗೆ ಹೊಳೆಯುವುದಿಲ್ಲ. ಸಂಜೆ 6ರ ನಂತರದ ಸಮಯ ಖಾಲಿ ಇದೆ, ಆಗ ಬನ್ನಿ ಎಂದು ಫೋನ್ ಹೇಳುತ್ತದೆ. ನಮ್ಮ ಕಡೆ ತೋಟದೊಳಗೇ ಆನೆಗಳಿರುತ್ತವೆ. ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಕತ್ತಲಲ್ಲಿ ನಡೆಯಬೇಕಾದವರಿಗೆ ಆ ಸಮಯ ಖಾಲಿಯಲ್ಲ, ಮುಚ್ಚಿದ ಬಾಗಿಲು.

ಗೋಣಿಕೊಪ್ಪ ವೈದ್ಯ

ರೈಟರ್ ಅವರ ಮಾತು ನನ್ನ ಕಣ್ಣು ತೆರೆಸಿತು. ನನ್ನ ಕ್ಲಿನಿಕ್ಕಿನ ದಾಖಲೆಯನ್ನೂ ಫೋನ್ ನಂಬರಿನ ಮೇಲೆಯೇ ಇಟ್ಟಿದ್ದೇವೆ, ಈ ವಾರವೇ ಬದಲಾಯಿಸುತ್ತೇನೆ. ಮೇಷ್ಟ್ರು ಬಾಗಿಲು ತೆಗೆಯುವ ಹೊತ್ತಿನ ಬಗ್ಗೆ ಬರೆದದ್ದೂ ನನಗೇ ತಗಲುವ ಮಾತು. ಭಾನುವಾರ ನಾನು ಸಾಮಾನ್ಯವಾಗಿ ಇಪ್ಪತ್ತು ನಿಮಿಷ ತಡ.

ಒಂದು ಪ್ರಶ್ನೆ: ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಬರುವ ಕ್ಯೂಆರ್ ಟೋಕನ್ ವ್ಯವಸ್ಥೆ ನಮ್ಮಂಥವರಿಗೆ ಒದಗುತ್ತದೆಯೇ?

ಕೋಡು ಬರೆಯುವ ಕುಶಾಲನಗರದವನು

ಒದಗುತ್ತದೆ, ಆದರೆ ಅದು ಬಿಡಿಸುವುದು ಬೇರೆ ಗಂಟನ್ನು. ಆ ಮಿಷನ್ ದೇಶವ್ಯಾಪಿಯಾಗಿ ಆರಂಭವಾದದ್ದು 2021ರ ಸೆಪ್ಟೆಂಬರಿನಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿ ವಿವರ ಹಂಚಿಕೊಳ್ಳುವ ಸೌಲಭ್ಯ 2022ರಲ್ಲಿ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲಾಯಿತು. ರೋಗಿಯ ಬಳಿ 14 ಅಂಕಿಗಳ ಆಭಾ ಸಂಖ್ಯೆ (ಆ ಮಿಷನ್ ಕೊಡುವ ಆರೋಗ್ಯ ಗುರುತಿನ ಸಂಖ್ಯೆ) ಇದ್ದರೆ, ಕೌಂಟರಿನಲ್ಲಿ ಅಂಟಿಸಿದ ಚೌಕವನ್ನು ಫೋನಿನಿಂದ ಸ್ಕ್ಯಾನ್ ಮಾಡಿದಾಗ ಹೆಸರು, ವಯಸ್ಸು, ವಿಳಾಸ ತಾವಾಗಿ ಆಸ್ಪತ್ರೆಯ ಗಣಕಕ್ಕೆ ಹೋಗಿ ಟೋಕನ್ ಬರುತ್ತದೆ. ಹೆಸರು ಬರೆಸಲಿಕ್ಕೇ ಎರಡು ಗಂಟೆ ನಿಲ್ಲಬೇಕಾದ ದೊಡ್ಡ ಆಸ್ಪತ್ರೆಗೆ ಇದು ನಿಜವಾದ ಉಪಕಾರ. ನಿಮ್ಮಲ್ಲಿ ಹೆಸರು ಬರೆಸುವ ಸಾಲೇ ಇಲ್ಲ, ಇರುವುದು ನಿಮ್ಮ ಕೋಣೆಯ ಮುಂದಿನ ಸಾಲು. ನೋಂದಣಿ ಬೇಗನಾದರೆ ಅದೇ ಜನ ನಿಮ್ಮ ಬಾಗಿಲಿಗೆ ಇನ್ನೂ ಬೇಗ ಬಂದು ಸೇರುತ್ತಾರೆ, ಅಷ್ಟೇ.

ಆರೋಗ್ಯ ಕೇಂದ್ರದ ನರ್ಸ್

ಟೋಕನ್ ಕ್ರಮವೇ ನ್ಯಾಯ ಎಂದು ಎಲ್ಲರೂ ಬರೆಯುತ್ತಿರುವುದನ್ನು ನೋಡಿ ಒಂದು ಮಾತು ಸೇರಿಸಬೇಕೆನಿಸಿತು. 41ನೇ ಟೋಕನ್ ಹಿಡಿದು ಮೂಲೆಯಲ್ಲಿ ಸುಮ್ಮನೆ ಕೂತ ಮಗು ಅಳುವುದನ್ನು ನಿಲ್ಲಿಸಿದೆ ಎನ್ನುವುದು ತಂತ್ರಾಂಶಕ್ಕೆ ಕಾಣುವುದಿಲ್ಲ. ಎದೆ ನೋವನ್ನು 'ಗ್ಯಾಸ್' ಎಂದು ತಾವೇ ತೀರ್ಮಾನಿಸಿ ಸರತಿಯಲ್ಲಿ ಕೂತವರನ್ನು, ಹಾವು ಕಚ್ಚಿದ ಕಾಲಿಗೆ ಬಟ್ಟೆ ಕಟ್ಟಿಕೊಂಡು 'ಹುಳ ಕಚ್ಚಿದೆ' ಎಂದು ಬರೆಸಿದವರನ್ನು ನಾನು ಕಂಡಿದ್ದೇನೆ. ಟೋಕನ್ ಕೊಡುವ ಹೊತ್ತಿಗೇ ಅರ್ಧ ನಿಮಿಷ ಮುಖ ನೋಡಿ, ಉಸಿರು ಎಣಿಸಿ, ಜ್ವರ ಮುಟ್ಟಿ ನೋಡುವ ಒಬ್ಬರು ಇರಲೇಬೇಕು. ಹಾಗೆ ನೋಡಿದವರು ಒತ್ತಿದರೆ ಸಾಲನ್ನು ದಾಟಿಸುವ ಗುಂಡಿಯೊಂದು ತಂತ್ರಾಂಶದಲ್ಲಿರಲಿ. ಆ ಗುಂಡಿಯನ್ನು ಒತ್ತಿದವರು ಯಾರು, ಏಕೆ ಎಂಬುದು ದಾಖಲಾಗಲಿ. ಇಲ್ಲದಿದ್ದರೆ ವಾರದೊಳಗೆ ಅದು ಪರಿಚಯಸ್ಥರ ಗುಂಡಿಯಾಗುತ್ತದೆ.

ಮಳೆಮಾಪಕ

ಎಲ್ಲರಿಗೂ ಮುಂಗಡ ಸಮಯ ಕೊಟ್ಟುಬಿಟ್ಟರೆ ಈ ರಾಮಾಯಣವೇ ಇರುವುದಿಲ್ಲವಲ್ಲ? ಆರು ನಿಮಿಷಕ್ಕೊಬ್ಬರು, ಮುಗಿಯಿತು.

ಗಣಿತ ಮೇಷ್ಟರು

ಮುಗಿಯುವುದಿಲ್ಲ. ಈ ಪ್ರಶ್ನೆಯನ್ನು ಇಂಗ್ಲೆಂಡಿನ ಹೊರರೋಗಿ ವಿಭಾಗಗಳ ಮಟ್ಟಿಗೆ ನಾರ್ಮನ್ ಬೈಲಿ ಎಂಬ ಸಂಖ್ಯಾಶಾಸ್ತ್ರಜ್ಞರು 1952ರಲ್ಲೇ ಬಿಡಿಸಿದ್ದಾರೆ. ಆರು ನಿಮಿಷಕ್ಕೊಬ್ಬರಂತೆ ಕರೆದರೆ, ಮೊದಲನೆಯವರು ತಡವಾದ ಕೂಡಲೇ ವೈದ್ಯರು ಸುಮ್ಮನೆ ಕೂರುತ್ತಾರೆ, ಕಳೆದುಹೋದ ಆ ನಿಮಿಷಗಳು ಮತ್ತೆ ಸಿಗುವುದಿಲ್ಲ. ಹಾಗೆಂದು ಹತ್ತು ಜನರನ್ನು ಒಮ್ಮೆಗೇ ಕರೆದರೆ ವೈದ್ಯರಿಗೆ ನಷ್ಟವಿಲ್ಲ, ಜನರಿಗೆ ನಷ್ಟ. ಆರಂಭದಲ್ಲಿ ಇಬ್ಬರನ್ನು ಕರೆದು, ಆಮೇಲೆ ಸರಾಸರಿ ತಪಾಸಣೆಯ ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಿರಿ ಎನ್ನುವುದು ಬೈಲಿಯವರ ಸೂತ್ರ. ಎಪ್ಪತ್ತು ವರ್ಷ ದಾಟಿದರೂ ಅದು ಹಳತಾಗಿಲ್ಲ.

ಆದರೆ ಆ ಸೂತ್ರಕ್ಕೆ ಹೇಳಿದ ಹೊತ್ತಿಗೆ ಬರಬಲ್ಲ ರೋಗಿ ಬೇಕು. ಬಸ್ಸು ದಿನಕ್ಕೆ ಮೂರು ಬಾರಿ ಬರುವ ಊರಿನವರಿಗೆ 10.42ಕ್ಕೆ ಬನ್ನಿ ಎನ್ನುವುದರಲ್ಲಿ ಅರ್ಥವಿಲ್ಲ. ಅವರಿಗೆ 'ಹನ್ನೊಂದರ ಬಸ್ಸಿಗೆ ಬನ್ನಿ' ಎನ್ನಬಹುದು. ಆದ್ದರಿಂದ ತಂತ್ರಾಂಶದಲ್ಲಿ ನಿಮಿಷಗಳ ಬದಲು ಬಸ್ಸುಗಳೇ ಸಮಯದ ಮನೆಗಳಾಗಬೇಕು: 9ರ ಬಸ್ಸಿಗೆ ಇಂತಿಷ್ಟು ಜನ, 11ರದಕ್ಕೆ ಇಂತಿಷ್ಟು, ಊರೊಳಗೆ ನಡೆದು ಬರುವವರಿಗೆ ನಡುವಿನ ಹೊತ್ತು. 15 ಜನ ಒಂದೇ ಬಸ್ಸಿನಲ್ಲಿ ಬಂದಾಗ ಸರಾಸರಿ 42 ನಿಮಿಷ ಎಂದೆನಲ್ಲ, ಅವರಲ್ಲಿ 7 ಜನ ಎರಡು ಗಂಟೆ ತಡವಾಗಿ ಬರುವ ಬಸ್ಸಿಗೆ ಹೋದರೆ ಉಳಿದ ಎಂಟು ಜನರಿಗೆ ಸರಾಸರಿ 21 ನಿಮಿಷ, ಆ ಏಳು ಜನರಿಗೆ 18. ಬೇರೇನನ್ನೂ ಬದಲಿಸಬೇಕಾಗಿಲ್ಲ.

ಅಳತೆಯ ಬಗ್ಗೆಯೂ ಒಂದು ಸುಲಭ ಉಪಾಯವಿದೆ. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಳಗಿರುವ ಜನರ ಸರಾಸರಿ ಸಂಖ್ಯೆಯೆಂದರೆ ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಗಂಟೆಗಳಿಂದ ಗುಣಿಸಿದ್ದು. ಐದು ಗಂಟೆಗಳಲ್ಲಿ 50 ಜನ ಬಂದರು, ಅರ್ಧ ಗಂಟೆಗೊಮ್ಮೆ ತಲೆ ಎಣಿಸಿದಾಗ ಸರಾಸರಿ 15 ಸಿಕ್ಕಿತು ಎನ್ನಿ. ಗಂಟೆಗೆ 10 ಜನ, ಹಾಗಾದರೆ ಒಬ್ಬೊಬ್ಬರು ಒಂದೂವರೆ ಗಂಟೆ ಒಳಗಿದ್ದಾರೆ. ಇದಕ್ಕೆ ತಂತ್ರಾಂಶ ಬೇಡ, ಪೆನ್ಸಿಲ್ ಸಾಕು.

ಕೋಡು ಬರೆಯುವ ಕುಶಾಲನಗರದವನು

ಬಸ್ಸನ್ನೇ ಸಮಯದ ಮನೆಯಾಗಿಸುವ ಈ ಯೋಚನೆ ನನ್ನ ವೃತ್ತಿಯ ಯಾವ ಸಭೆಯಲ್ಲೂ ಬಂದಿರಲಿಲ್ಲ. ಬರೆಯುವುದು ಕಷ್ಟವಲ್ಲ, ವೇಳಾಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚು, ಅಷ್ಟೇ. ಮಳೆಗಾಲದ ಮಾತು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಹೊರಗಿನ ತಂತ್ರಾಂಶಗಳೆಲ್ಲ ಸೋಲುವುದು ಜೂನ್ ಮತ್ತು ಸೆಪ್ಟೆಂಬರ್ ನಡುವೆ. ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಹೋಗುತ್ತದೆ. ಟೋಕನ್ ಕೊಡಲು ಇಂಟರ್ನೆಟ್ ಬೇಕೇಬೇಕು ಎನ್ನುವ ತಂತ್ರಾಂಶವನ್ನು, ಎಷ್ಟೇ ಅಗ್ಗವಾದರೂ, ದಯವಿಟ್ಟು ಕೊಳ್ಳಬೇಡಿ. ಕ್ಲಿನಿಕ್ಕಿನೊಳಗೇ ಇರುವ ಒಂದು ಸಣ್ಣ ಗಣಕ, ಅದಕ್ಕೂ ರೌಟರಿಗೂ ಇನ್ವರ್ಟರ್ ಸಂಪರ್ಕ, ಕೌಂಟರಿನ ಟ್ಯಾಬ್ಲೆಟ್ ಮತ್ತು ಗೋಡೆಯ ಪರದೆ ಅದೇ ಗಣಕದೊಂದಿಗೆ ಮಾತನಾಡುವ ಏರ್ಪಾಡು, ಇಷ್ಟಿದ್ದರೆ ಹೊರಗಿನ ಜಾಲ ಸತ್ತರೂ ಸರತಿ ನಡೆಯುತ್ತದೆ. ನೆಟ್ ಬಂದಾಗ ದಾಖಲೆ ಹೊರಗೆ ಹೋಗಲಿ. ಎರಡು ಕಡೆ ಟೋಕನ್ ಕೊಡುವುದಾದರೆ ಪ್ರತಿ ಸಾಧನಕ್ಕೂ ಬೇರೆ ಸರಣಿ ಕೊಡಿ. ಇಲ್ಲವಾದರೆ ಸಂಪರ್ಕ ಕಡಿದ ಹೊತ್ತಿನಲ್ಲಿ ಇಬ್ಬರಿಗೂ 23 ಸಿಕ್ಕಿ ಜಗಳವಾಗುತ್ತದೆ.

ಎಸ್ಎಂಎಸ್ ಕಳುಹಿಸುವವರಿಗೆ ಒಂದು ಸೂಕ್ಷ್ಮ. ಇಂಗ್ಲಿಷ್ ಅಕ್ಷರಗಳಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಾದರೆ 70 ಮಾತ್ರ. ಒತ್ತು, ಕೊಂಬು, ದೀರ್ಘಗಳನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಶುಭಾಶಯ, ಕ್ಲಿನಿಕ್ಕಿನ ಪೂರ್ತಿ ಹೆಸರು ಎಲ್ಲ ಸೇರಿಸಿದರೆ ಒಂದು ಸಂದೇಶಕ್ಕೆ ಮೂರರ ದುಡ್ಡು. 'ನಿಮ್ಮ ಟೋಕನ್ 34. ಈಗ 21 ನಡೆಯುತ್ತಿದೆ.' ಎಂದರೆ ಎಪ್ಪತ್ತರ ಅರ್ಧದೊಳಗೇ ಮುಗಿಯುತ್ತದೆ. ಕ್ಲಿನಿಕ್ಕಿನ ಗುರುತಿಗೆ ಕಳುಹಿಸುವವರ ಹೆಸರಿನ ಜಾಗವೇ ಸಾಕು. ಆ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರಸಂಪರ್ಕ ನಿಯಮದಂತೆ ಮೊದಲೇ ನೋಂದಾಯಿಸಬೇಕು ಎನ್ನುವುದನ್ನು ಮರೆಯಬೇಡಿ.

ಕೌಂಟರ್ ಅಕ್ಕ

ಗೋಡೆಯ ಪರದೆಯ ಮೇಲೆ ಹೆಸರು ಹಾಕಬೇಡಿ, ಕೂಗಲೂ ಬೇಡಿ. ನಮ್ಮದು ಸಣ್ಣ ಊರು. ಇಂಥವರ ಮಗಳು ಇಂಥ ದಿನ ಸ್ತ್ರೀರೋಗ ತಜ್ಞರ ಬಳಿ ಬಂದಿದ್ದಳು ಎನ್ನುವುದು ಸಂತೆ ಮುಗಿಯುವುದರೊಳಗೆ ಮೂರು ಗ್ರಾಮ ತಲುಪುತ್ತದೆ. ಸಂಖ್ಯೆ ಸಾಕು. ರಿಪೋರ್ಟ್ ತೋರಿಸುವವರಿಗೆ ಹಳದಿ ಚೀಟಿ ಕೊಟ್ಟು, ಪ್ರತಿ ಐದು ಜನರಾದ ಮೇಲೆ ಇಬ್ಬರು ಹಳದಿಯವರು ಎಂದು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ನಿಯಮ ಗೊತ್ತಿದ್ದರೆ ಜನ ಕಾಯುತ್ತಾರೆ. ಯಾರೋ ನುಸುಳಿದರು ಎನಿಸಿದಾಗ ಮಾತ್ರ ಹತ್ತು ನಿಮಿಷವೂ ಸಹಿಸುವುದಿಲ್ಲ.

ಗೋಣಿಕೊಪ್ಪ ವೈದ್ಯ (ನಾಲ್ಕು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ. ತಂತ್ರಾಂಶವನ್ನು ಇನ್ನೂ ಕೊಂಡಿಲ್ಲ. ಮೇಷ್ಟ್ರು ಹೇಳಿದಂತೆ ನಾಲ್ಕು ಭಾನುವಾರ ಒಂದು ನೋಟ್ ಪುಸ್ತಕದಲ್ಲಿ ಬಂದ ಹೊತ್ತು, ಒಳಗೆ ಕರೆದ ಹೊತ್ತು, ಹೊರಗೆ ಹೋದ ಹೊತ್ತು, ಬಂದ ಕಾರಣ, ಯಾವ ಬಸ್ಸು ಎಂದು ನಮ್ಮ ಕೌಂಟರಿನವರು ಬರೆದರು. ಮೂರು ಸಂಗತಿಗಳು ನನಗೆ ಮುಜುಗರ ತಂದವು. ಡ್ರೆಸ್ಸಿಂಗಿಗೆ ಬಂದವರು ನನ್ನನ್ನು ನೋಡಲೆಂದೇ ಕಾಯುತ್ತಿದ್ದರು, ಏಕೆಂದರೆ ನೇರವಾಗಿ ನರ್ಸ್ ಬಳಿ ಹೋಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಡುವೆ ಫೋನ್ ಬಂದಾಗಲೆಲ್ಲ ನಾನು ಕಳೆದ ಹೊತ್ತನ್ನು ಕೂಡಿಸಿದರೆ ನಾಲ್ಕೈದು ರೋಗಿಗಳನ್ನು ನೋಡಬಹುದಿತ್ತು. ಬೆಳಿಗ್ಗೆ ಬರುವವರಲ್ಲಿ ಬಹಳ ಜನ ಸಕ್ಕರೆ, ರಕ್ತದೊತ್ತಡದ ಮಾತ್ರೆಗಾಗಿ ತಿಂಗಳಿಗೊಮ್ಮೆ ಬರುವವರು. ಅವರು ಭಾನುವಾರವೇ ಬರಬೇಕಾದ ಕಾರಣವೂ ಇರಲಿಲ್ಲ, 9ರ ಬಸ್ಸಿಗೇ ಬರಬೇಕಾದ ಕಾರಣವೂ ಇರಲಿಲ್ಲ. ಅವರನ್ನು ಕೇಳಿದಾಗ, ತಡವಾಗಿ ಬಂದರೆ ನಂಬರ್ ಸಿಗುವುದಿಲ್ಲವೆಂಬ ಭಯ ಎಂದರು. ಆ ಭಯಕ್ಕೆ ಕಾರಣ ನಾನೇ, ಮೂವತ್ತು ಟೋಕನ್ ಮುಗಿದ ಮೇಲೆ ಇಲ್ಲ ಎನ್ನುವ ಪದ್ಧತಿ ನಮ್ಮದೇ ಆಗಿತ್ತು.

ಈಗ 11ರ ಬಸ್ಸಿನವರಿಗೆಂದು ಹತ್ತು ಟೋಕನ್‌ಗಳನ್ನು ತೆಗೆದಿಟ್ಟಿದ್ದೇವೆ. ಹಿಂದಿನ ಭೇಟಿಯಲ್ಲೇ ಚೀಟಿಯ ಮೇಲೆ ದಿನ, ಬಸ್ಸು, ಸಂಖ್ಯೆ ಬರೆದುಕೊಡುತ್ತೇವೆ. ಹಳದಿ ಚೀಟಿಯೂ ಬಂದಿದೆ. ಕಂಪನಿಯವರು ಮತ್ತೆ ಬಂದಾಗ ಮೂರು ಪ್ರಶ್ನೆ ಕೇಳಿದೆ: ನೆಟ್ ಇಲ್ಲದಾಗ ಏನಾಗುತ್ತದೆ, ಒಂದೇ ಫೋನ್ ನಂಬರಿನಲ್ಲಿ ಹದಿನಾರು ಜನರಿದ್ದರೆ ಏನಾಗುತ್ತದೆ, ನಾಳೆ ನಿಮ್ಮನ್ನು ಬಿಟ್ಟರೆ ನನ್ನ ರೋಗಿಗಳ ದಾಖಲೆ ನನ್ನ ಕೈಗೆ ಯಾವ ರೂಪದಲ್ಲಿ ಬರುತ್ತದೆ. ಮೊದಲನೆಯದಕ್ಕೆ ಉತ್ತರ ಕೊಟ್ಟರು. ಉಳಿದೆರಡನ್ನು ಕೇಳಿಕೊಂಡು ಬರುತ್ತೇವೆಂದು ಹೋಗಿದ್ದಾರೆ.

ತೋಟದ ರೈಟರ್

ಡಾಕ್ಟರರೇ, ಬರುವ ಭಾನುವಾರ ನಮ್ಮ ಲೈನಿನಿಂದ ಆರು ಜನ ಮಾತ್ರೆಗೆ ಬರುವವರಿದ್ದಾರೆ. ಅವರನ್ನು 11ಕ್ಕೆ ನಿಮ್ಮಲ್ಲಿಗೆ ತಲುಪುವ ಬಸ್ಸಿಗೆ ಹತ್ತಿಸುತ್ತೇನೆ, ಆರು ಹೆಸರುಗಳನ್ನೂ ಬೇರೆ ಬೇರೆಯಾಗಿಯೇ ಬರೆಸಿಕೊಳ್ಳಿ, ನಂಬರ್ ಮಾತ್ರ ನನ್ನದೇ. ಒಳಗೆ ಹದಿನೈದು ಜನಕ್ಕಿಂತ ಹೆಚ್ಚಿದ್ದರೆ ಹತ್ತೂಕಾಲರೊಳಗೆ ಒಂದು ಫೋನ್ ಮಾಡಿಸಿ, ಮುಂದಿನ ಬಸ್ಸಿಗೆ ಕಳುಹಿಸುತ್ತೇನೆ. ಮೂರರ ವಾಪಸ್ ಬಸ್ಸು ಮಾತ್ರ ತಪ್ಪಬಾರದು, ಅದಾದ ಮೇಲೆ ಬಂದರೆ ತೋಟದ ಗೇಟಿನಿಂದ ಲೈನ್ ಮನೆಯವರೆಗೆ ಜೀಪು ಕಳುಹಿಸಬೇಕಾಗುತ್ತದೆ.